ಸರಕು ಹೊರೋರು ಯಾರು, ನಷ್ಟ ಹೊರೋರು ಯಾರು?

ರಾತ್ರಿ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದಿದ್ದೆ. ಮುಖದ ಮೇಲಿನ ಮೇಕಪ್ ಇನ್ನೂ ಒರೆಸಿರಲಿಲ್ಲ. ಫೋನ್ ರಿಂಗಾಯ್ತು.

"ಸರ, ನಾ ದಡ್ಡಿಯಿಂದ ಮಾತಾಡಾಕತ್ತೇನ್ರಿ. ಎರಡ ನಿಮಿಷ ಟೈಮ್ ಐತೇನ್ರಿ?"

ಬೆಳಗಾವಿ ಜಿಲ್ಲೆಯ ಹುಡುಗ. ಮನೆಯಲ್ಲಿ ಬೆಲ್ಲದ ಪುಡಿ ಮಾಡ್ತಾರೆ. ತಾಯಿ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಶುರು ಮಾಡಿದ ಉದ್ಯೋಗ. ಬೆಂಗಳೂರು, ಪುಣೆಯಿಂದ ಫೋನಲ್ಲೇ ಆರ್ಡರ್ ಬರುತ್ತೆ. ಹೋದ ಮಳೆಗಾಲದಲ್ಲಿ ನಲವತ್ತು ಬಾಕ್ಸ್ ಕಳಿಸಿದ್ದಾನೆ. ಅದು ದಾರಿಯಲ್ಲಿ ಯಾವುದೋ ಗೋಡೌನ್‌ನಲ್ಲಿ ಎಂಟು ದಿನ ಕೂತಿದೆ. ಬೆಲ್ಲಕ್ಕೂ ಮಳೆಗಾಲದ ಗಾಳಿಗೂ ಆಗಿಬರೋದಿಲ್ಲ, ನಿಮಗೇ ಗೊತ್ತು. ಬಾಕ್ಸ್ ತೆರೆದರೆ ಪುಡಿ ಇಲ್ಲ, ಪಾಕ ಇದೆ. ಗಿರಾಕಿ ವಾಪಸ್ ಕಳಿಸಿದ. ಸಾಗಿಸಿದವರನ್ನ ಕೇಳಿದರೆ, "ರಸೀದಿ ಹಿಂದಿನ ಪುಟ ಓದ್ಕೊಳ್ರಿ" ಅಂದರಂತೆ. ಯಾವ ಕಂಪನಿ ಅಂತ ಹೆಸರು ಬೇಡ. ವಿಷಯ ಹೆಸರಿನದ್ದಲ್ಲ.

ಈಗ ಅವನ ಮುಂದೆ ಮೂರು ದಾರಿ. ಸಾಲ ಮಾಡಿ ಸ್ವಂತಕ್ಕೊಂದು ಸಣ್ಣ ಗೂಡ್ಸ್ ಗಾಡಿ ತಗೊಳ್ಳೋದು. ಇಲ್ಲಾ, ಊರ ಹತ್ತಿರದ ಟ್ರಾನ್ಸ್‌ಪೋರ್ಟ್ ಏಜೆಂಟ್‌ಗೆ ಬಾಕ್ಸ್ ಲೆಕ್ಕದಲ್ಲಿ ಕೊಡೋದು. ಇಲ್ಲಾ, ಗೋಡೌನು, ಪ್ಯಾಕಿಂಗು, ಡೆಲಿವರಿ ಎಲ್ಲ ನಾವೇ ನೋಡ್ಕೋತೀವಿ ಅಂತ ಬಂದಿರೋ ಕಂಪನಿಯ ಜೊತೆ ಅಗ್ರಿಮೆಂಟ್ ಮಾಡ್ಕೊಳ್ಳೋದು.

"ಗಾಡಿ ನಮ್ದ ಇರಲಿ ಅಂತ ನಮ್ಮಪ್ಪ ಅಂತಾನ್ರಿ. ಕಂಪನಿಗೆ ಕೊಟ್ಟಬಿಡು ಅಂತ ಗೆಳ್ಯಾರ ಅಂತಾರ. ನಮ್ಮವ್ವ ಮಾತ್ರ, ಮಾಲ್ ಹಾಳಾದ್ರ ಸಂಘದ ಸಾಲ ಯಾರ ತುಂಬ್ತಾರ ಅದನ್ನ ಮೊದಲ ಹೇಳು ಅಂತಾಳ. ನೀವ ಹೇಳ್ರಿ ಸರ, ಯಾರಿಗೆ ಕೊಡ್ಲಿ?"

ನಾನು ಸುಸ್ತಾಗಿದ್ದೆ. ಬಾಯಿಗೆ ಬಂದದ್ದು ಹೇಳಿದೆ. "ಯಾರ ರೇಟ್ ಕಡಿಮೆಯೋ ಅವರಿಗೆ ಕೊಡಪ್ಪಾ."

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಅಂದ: "ಹೋದ ಸಲಾನೂ ಹಂಗ ಮಾಡಿದ್ನ್ರಿ ಸರ."

ಈ ಒಂದು ಮಾತು ನನ್ನನ್ನ ಮನೆಗೆ ಹೋದಮೇಲೂ ಬಿಡಲಿಲ್ಲ. ನಾವು ಟಿವಿಯಲ್ಲಿ ಕೂತು ದಿನಾ ಊರಿಗೆಲ್ಲ ಬುದ್ಧಿ ಹೇಳ್ತೀವಿ. ಒಬ್ಬ ಹುಡುಗ ನಿಜವಾದ ಪ್ರಶ್ನೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇತಿಹಾಸದಲ್ಲಿದೆ. ಅದೂ ನಮ್ಮದೇ ನೆಲದ ಇತಿಹಾಸದಲ್ಲಿ. ಬನ್ನಿ, ನೋಡೋಣ.

ಮೊದಲು ಹೆಸರನ್ನೇ ತಗೊಳ್ಳಿ. ಉತ್ತರ ಕರ್ನಾಟಕದಲ್ಲಿ ದಡ್ಡಿ ಅಂದರೆ ದನ ಕಟ್ಟೋ ಜಾಗ. ಇವತ್ತು ಒಂದು ಊರಿನ ಸಾಗಾಣಿಕೆ ಶಕ್ತಿ ಎಷ್ಟು ಅಂತ ತಿಳಿಯೋಕೆ ಎಷ್ಟು ಲಾರಿ ಇದೆ ಅಂತ ಕೇಳ್ತೀವಿ. ನೂರೈವತ್ತು ವರ್ಷದ ಹಿಂದೆ ದಡ್ಡಿಯಲ್ಲಿ ಎಷ್ಟು ಎತ್ತಿದೆ ಅಂತ ಕೇಳಬೇಕಿತ್ತು. ಯುದ್ಧ ಆಗಲಿ, ವ್ಯಾಪಾರ ಆಗಲಿ, ಎಲ್ಲ ನಿಂತಿದ್ದು ಎತ್ತಿನ ಬೆನ್ನ ಮೇಲೆ.

ಇನ್ನು ಆ ಕಂಪನಿ ಮಾಡೋ ಕೆಲಸಕ್ಕೆ ಈಗ ಒಂದು ದೊಡ್ಡ ಹೆಸರಿದೆ. ಥರ್ಡ್ ಪಾರ್ಟಿ ಲಾಜಿಸ್ಟಿಕ್ಸ್. ಮಾಲು ಮಾಡೋನು ಒಬ್ಬ, ಕೊಳ್ಳೋನು ಇನ್ನೊಬ್ಬ. ನಡುವೆ ಮಾಲನ್ನ ಇಟ್ಟು, ಕಟ್ಟಿ, ಹೊತ್ತು, ತಲುಪಿಸೋ ಮೂರನೆಯವನು. ಹೆಸರು ಹೊಸದು. ಮೂರನೆಯವನು ಬಹಳ ಹಳಬ.

ನಮ್ಮ ಐಹೊಳೆ ಇದೆಯಲ್ಲ, ದೇವಾಲಯಗಳ ಊರು ಅಂತ ಫೋಟೋ ತೆಗೆಸಿಕೊಳ್ಳೋಕೆ ಹೋಗ್ತೀವಲ್ಲ, ಅದೇ ಊರಿನ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಅನ್ನೋ ವರ್ತಕರ ಸಂಘ ದಕ್ಷಿಣ ಭಾರತದ ತುಂಬ ವ್ಯಾಪಾರ ಮಾಡ್ತಿತ್ತು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಅದರಲ್ಲೂ ಈ ಐನೂರ್ವರ ಹೆಸರಿದೆ. ಇವರು ಒಬ್ಬೊಬ್ಬರೇ ಹೋಗ್ತಿರಲಿಲ್ಲ, ಗುಂಪಾಗಿ ಹೋಗ್ತಿದ್ದರು. ದಾರಿಯಲ್ಲಿ ಕಳ್ಳರ ಕಾಟ ಅಂತ ಆಯುಧ ಹಿಡಿದ ಕಾವಲಿನವರನ್ನ ಕರ್ಕೊಂಡು ಹೋಗ್ತಿದ್ದರು. ಅಂದರೆ ಏನು? ಸಾಗಾಣಿಕೆ ಅಂದರೆ ಬರೀ ಹೊರೋದಲ್ಲ, ದಾರಿಯ ಅಪಾಯವನ್ನೂ ಹೊರೋದು ಅಂತ ಅವರಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು.

ಈಗ 1791ಕ್ಕೆ ಬನ್ನಿ.

ಮಾರ್ಚ್ 21ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನ ಹಿಡಿದ. ಮುಂದಿನ ಗುರಿ ಶ್ರೀರಂಗಪಟ್ಟಣ. ಮೇ ತಿಂಗಳಲ್ಲಿ ಹೊರಟ. ದೊಡ್ಡ ದೊಡ್ಡ ತೋಪು, ಸಾವಿರಾರು ಸೈನಿಕರು, ಅವರಿಗಿಂತ ಹೆಚ್ಚು ಎತ್ತುಗಳು. ಟಿಪ್ಪು ಏನು ಮಾಡಿದ ಗೊತ್ತಾ? ನೇರವಾಗಿ ಬಂದು ಕತ್ತಿ ಹಿಡಿಯಲಿಲ್ಲ. ಶತ್ರು ಬರೋ ದಾರಿಯ ಹುಲ್ಲು ಸುಡಿಸಿದ, ಊರುಗಳಲ್ಲಿ ಕಾಳುಕಡ್ಡಿ ಸಿಗದ ಹಾಗೆ ಮಾಡಿದ. ಕಾರ್ನ್‌ವಾಲಿಸ್ ಕನಕಪುರದ ಕಡೆಯ ದಾರಿ ಹಿಡಿದ. ಅಲ್ಲೂ ಅದೇ ಕಥೆ. ಮೇಲಿನಿಂದ ಮಳೆ ಬೇರೆ. ಮೇವಿಲ್ಲದೆ, ರೋಗ ಬಡಿದು ಎತ್ತುಗಳು ದಾರಿಯುದ್ದಕ್ಕೂ ಬಿದ್ದವು.

ಮೇ 15ರಂದು ಅರಕೆರೆ ಬಳಿ ಯುದ್ಧ ನಡೀತು. ಗೆದ್ದದ್ದು ಕಾರ್ನ್‌ವಾಲಿಸ್. ಶ್ರೀರಂಗಪಟ್ಟಣ ಕಣ್ಣಿಗೆ ಕಾಣ್ತಿದೆ. ಆದರೆ ತೋಪು ಎಳೆಯೋಕೆ ಎತ್ತಿಲ್ಲ, ಸೈನಿಕರಿಗೆ ಹೊಟ್ಟೆಗಿಲ್ಲ. ಇವತ್ತು ಕೆಆರ್‌ಎಸ್ ಇರೋ ಕನ್ನಂಬಾಡಿ ಇದೆಯಲ್ಲ, ಆ ಜಾಗದಲ್ಲಿ ಕಾರ್ನ್‌ವಾಲಿಸ್ ತನ್ನ ಭಾರಿ ತೋಪುಗಳನ್ನ ತಾನೇ ಒಡೆಸಿ ಹಾಕಿದ! ಯುದ್ಧ ಗೆದ್ದ ಸೇನಾಪತಿ ತನ್ನ ತೋಪನ್ನ ತಾನೇ ನಾಶ ಮಾಡಿ ವಾಪಸ್ ಹೊರಟ. ಸೋಲಿಸಿದ್ದು ಶತ್ರುವಿನ ಗುಂಡಲ್ಲ, ಸಾಗಾಣಿಕೆ.

ಇಲ್ಲಿ ಇನ್ನೊಂದು ವಿಷಯ ನೋಡಿ. ಧಾರವಾಡ ಕೋಟೆಯನ್ನ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಗೆದ್ದಿದ್ದ ಪರಶುರಾಮ ಭಾವು ಪಟವರ್ಧನ, ಜೊತೆಗೆ ಹರಿಪಂತ ಫಡಕೆ, ಇಬ್ಬರ ಮರಾಠಾ ಸೈನ್ಯವೂ ಕಾರ್ನ್‌ವಾಲಿಸ್ ಸಹಾಯಕ್ಕೆ ಬರ್ತಾ ಇತ್ತು. ಅವರ ಹತ್ತಿರ ಧಾನ್ಯ ಬೇಕಾದಷ್ಟಿತ್ತು. ಆದರೆ ಅವರು ಎಲ್ಲಿದ್ದಾರೆ ಅಂತಲೇ ಇವನಿಗೆ ಗೊತ್ತಾಗಲಿಲ್ಲ. ಟಿಪ್ಪುವಿನ ಕುದುರೆ ಸವಾರರು ಓಲೆಕಾರರನ್ನ ದಾರಿಯಲ್ಲೇ ಹಿಡಿದು ಹಾಕ್ತಿದ್ದರು. ತೋಪು ಒಡೆದು ಹಿಂದಕ್ಕೆ ತಿರುಗಿದ ಮೇಲೆ ಮರಾಠರು ಎದುರಿಗೆ ಬಂದರು! ಸ್ವಲ್ಪ ದಿನ ಮೊದಲು ಸುದ್ದಿ ಸಿಕ್ಕಿದ್ದರೆ ಕಥೆ ಬೇರೆ ಆಗ್ತಿತ್ತೇನೋ. ಮರಾಠರ ಪಾಳ್ಯದ ಬಜಾರಿನಲ್ಲಿ ಎಲ್ಲ ಸಿಗ್ತಿತ್ತು, ಬೆಲೆ ಮಾತ್ರ ಹೊಟ್ಟೆ ಉರಿಸೋ ಹಾಗಿತ್ತು. ಹಸಿದವನು ಚೌಕಾಸಿ ಮಾಡೋದಿಲ್ಲ, ಕೊಟ್ಟು ತಿಂದರು. ಇವತ್ತು ನಾವು ಟ್ರ್ಯಾಕಿಂಗ್ ಅಂತೀವಲ್ಲ, ಮಾಲು ಎಲ್ಲಿದೆ ಅಂತ ತೋರಿಸೋ ವ್ಯವಸ್ಥೆ, ಅದರ ಬೆಲೆ ಏನು ಅಂತ 1791ರ ಕಾರ್ನ್‌ವಾಲಿಸ್‌ನ ಕೇಳಬೇಕಿತ್ತು.

ಅವನು ಪಾಠ ಕಲಿತ. ಮುಂದಿನ ಸಲ ಹೊರಡೋ ಮೊದಲು ಬ್ರಿಂಜಾರಿಗಳ ಜೊತೆ ಒಪ್ಪಂದ ಮಾಡಿಕೊಂಡ. ಇಂಗ್ಲಿಷರು ಬ್ರಿಂಜಾರಿ ಅಂತ ಬರೆದಿಟ್ಟವರು ಬೇರೆ ಯಾರೂ ಅಲ್ಲ, ನಮ್ಮ ಬಂಜಾರರು, ಲಂಬಾಣಿಗರು. 1792ರ ಫೆಬ್ರವರಿ 6ರ ರಾತ್ರಿ ಮತ್ತೆ ಶ್ರೀರಂಗಪಟ್ಟಣದ ಮೇಲೆ ಬಿದ್ದ. ಈ ಸಲ ಹೊಟ್ಟೆ ತುಂಬಿತ್ತು. ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಎರಡು ಮಕ್ಕಳ ಒತ್ತೆ, ಇಷ್ಟಕ್ಕೂ ಒಪ್ಪಬೇಕಾಯ್ತು.

ಹಾಗಾದರೆ ಲಂಬಾಣಿಗರ ಹತ್ತಿರ ಇದ್ದದ್ದು ಏನು? ಕಂಪನಿ ಸರ್ಕಾರದ ಹತ್ತಿರ ದುಡ್ಡಿತ್ತು, ಎತ್ತು ಕೊಳ್ಳಬಹುದಿತ್ತು. ಆದರೆ ಸೈನ್ಯದ ಎತ್ತಿಗೆ ಮೇವು ಹೊತ್ತು ತರೋಕೆ ಮತ್ತೆ ಎತ್ತು ಬೇಕು. ಬಾಡಿಗೆ ಎತ್ತಾಳು ಗುಂಡಿನ ಸದ್ದು ಕೇಳಿದರೆ ರಾತ್ರೋರಾತ್ರಿ ಓಡಿಹೋಗ್ತಾನೆ. ಲಂಬಾಣಿಗರ ತಾಂಡಾ ಹಾಗಲ್ಲ. ಹೆಂಡತಿ, ಮಕ್ಕಳು, ನಾಯಿ, ಮುದುಕರು ಎಲ್ಲ ಜೊತೆಯಲ್ಲೇ. ಎತ್ತು ದಾರಿಯಲ್ಲೇ ಮೇಯುತ್ತೆ, ಮೇವಿನ ಖರ್ಚು ಕಡಿಮೆ. ಯಾವ ಕಣಿವೆಯಲ್ಲಿ ನೀರಿದೆ, ಯಾವ ಹೊಳೆ ಯಾವ ತಿಂಗಳು ದಾಟಬಹುದು, ಎಲ್ಲ ಬಾಯಿಪಾಠ. ಅವರು ಕೂಲಿಯವರೂ ಅಲ್ಲ. ತಮ್ಮ ದುಡ್ಡಲ್ಲೇ ಧಾನ್ಯ ಕೊಂಡು, ತಮ್ಮ ಎತ್ತಿನ ಮೇಲೆ ಹೇರಿ, ಪಾಳ್ಯದಲ್ಲಿ ಮಾರ್ತಿದ್ದರು. ಎತ್ತು ಸತ್ತರೆ ನಷ್ಟ ಅವರದ್ದೇ. ಅದಕ್ಕೇ ಎತ್ತನ್ನ ಮಗುವಿನ ಹಾಗೆ ನೋಡ್ಕೋತಿದ್ದರು.

ಅರ್ಥ ಆಯ್ತಾ? ಹೊರುವವನಿಗೂ ನಷ್ಟದಲ್ಲಿ ಪಾಲಿದ್ದರೆ ಹೊರೋ ರೀತಿಯೇ ಬೇರೆ.

ಬಂಜಾರರಲ್ಲಿ ಒಂದು ಹಳೆಯ ಕಥೆ ಇದೆ. ಷಹಜಹಾನನ ವಜೀರ ಆಸಫ್ ಖಾನ್ ಬಿಜಾಪುರದ ಮೇಲೆ ದಂಡೆತ್ತಿ ಬಂದಾಗ ಭಂಗಿ, ಝಂಗಿ ಅನ್ನೋ ನಾಯಕರಿಗೆ ತಾಮ್ರದ ಹಾಳೆಯ ಮೇಲೆ ಚಿನ್ನದ ಅಕ್ಷರದಲ್ಲಿ ಹಕ್ಕು ಬರೆದುಕೊಟ್ಟನಂತೆ. ದಾರಿಯಲ್ಲಿ ನೀರು ಸಿಗದಿದ್ದರೆ ಮನೆಯೊಳಗಿನ ಗಡಿಗೆಯ ನೀರು ತಗೊಳ್ಳಬಹುದು. ಮೇವು ಸಿಗದಿದ್ದರೆ ಗುಡಿಸಲಿನ ಮೇಲಿನ ಹುಲ್ಲು ಕೀಳಬಹುದು. ಬದಲಿಗೆ ಕುದುರೆ ದಂಡು ಎಲ್ಲಿ ಹೋದರೂ ಧಾನ್ಯ ತಲುಪಿಸಬೇಕು. ಇದು ಅವತ್ತಿನ ಅಗ್ರಿಮೆಂಟು. ಕಥೆ ಎಷ್ಟು ನಿಜವೋ, ಅದು ಹೇಳೋ ಸತ್ಯ ಮಾತ್ರ ಗಟ್ಟಿ. ಬಾದಶಹನಿಗೆ ಸಾಗಾಣಿಕೆ ಅಗ್ಗವಾಯ್ತು, ಯಾಕಂದ್ರೆ ಬಡವನೊಬ್ಬ ತನ್ನ ಸೂರಿನ ಹುಲ್ಲು ಕೊಟ್ಟ. ಇವತ್ತೂ ಎಲ್ಲೋ ಒಂದು ಕಡೆ ರೇಟ್ ನಂಬಲಾರದಷ್ಟು ಕಡಿಮೆ ಇದ್ದರೆ ಯಾರ ಸೂರು ಕಿತ್ತಿದ್ದಾರೆ ಅಂತ ನೋಡಬೇಕು. ನಿದ್ದೆಗೆಟ್ಟು ಓಡಿಸೋ ಡ್ರೈವರ್‌ದಾ? ಸ್ವಂತ ಪೆಟ್ರೋಲ್ ಹಾಕಿ ಓಡಾಡೋ ಡೆಲಿವರಿ ಹುಡುಗನದಾ? ಇಲ್ಲಾ ನಿಮ್ಮದೇನಾ?

ಹಾಗಂತ ಎಲ್ಲವನ್ನೂ ಮೂರನೆಯವನ ಕೈಗೆ ಕೊಟ್ಟುಬಿಡಬೇಕಾ? ಅಲ್ಲೇ ಇರೋದು ಸ್ವಾರಸ್ಯ.

ಮೈಸೂರಿನವರು ಇದಕ್ಕೆ ಬೇರೆಯೇ ದಾರಿ ಹಿಡಿದಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತ ದನಗಳದ್ದೇ ಒಂದು ಇಲಾಖೆ ಇತ್ತು. ಹೈದರ್ ಅದನ್ನ ಬೆಳೆಸಿದ. ಟಿಪ್ಪು ಅದಕ್ಕೆ 'ಅಮೃತ ಮಹಲ್' ಅಂತ ಹೆಸರಿಟ್ಟ. ತೋಪು ಎಳೆದುಕೊಂಡು ಓಡೋ ಎತ್ತುಗಳು. ಅವುಗಳಿಗಾಗಿಯೇ ರಾಜ್ಯದ ತುಂಬ ಹುಲ್ಲುಗಾವಲು ಮೀಸಲು. ಚಳ್ಳಕೆರೆ ಕಡೆ ಹೋದರೆ ಅಮೃತ ಮಹಲ್ ಕಾವಲು ಅನ್ನೋ ಹೆಸರು ಇವತ್ತಿಗೂ ಕೇಳ್ತೀರಿ. ಇದು ಸ್ವಂತ ಗಾಡಿ. ಹುಡುಗನ ಅಪ್ಪ ಹೇಳೋ ದಾರಿ. ವೇಗ ನಿಮ್ಮದು, ಹಿಡಿತ ನಿಮ್ಮದು. ಆದರೆ ಯುದ್ಧ ಇರಲಿ ಬಿಡಲಿ ಎತ್ತಿಗೆ ಮೇವು ಹಾಕಲೇಬೇಕು. 1799ರಲ್ಲಿ ಟಿಪ್ಪು ಸತ್ತ ಮೇಲೆ ಹಿಂಡು ಮೈಸೂರು ಸರ್ಕಾರದ ಕೈಗೆ ಬಂತು. ನೋಡಿಕೊಳ್ಳೋರಿಲ್ಲದೆ ಸೊರಗಿತು. 1813ರಲ್ಲಿ ಕಂಪನಿ ಅದರ ಉಸ್ತುವಾರಿಯನ್ನ ತಾನೇ ತೆಗೆದುಕೊಳ್ಳಬೇಕಾಯ್ತು. ಸ್ವಂತ ಗಾಡಿ ತಗೊಳ್ಳೋರು ಕಂತು ಲೆಕ್ಕ ಹಾಕ್ತಾರೆ, ಗಾಡಿ ಖಾಲಿ ನಿಂತ ದಿನದ ಲೆಕ್ಕ ಹಾಕೋದಿಲ್ಲ.

ಈ ಎರಡು ದಾರಿಯನ್ನೂ ಒಟ್ಟಿಗೆ ಬಳಸಿದವನು ಒಬ್ಬನಿದ್ದ. ಅವನು ಬಳಸಿದ್ದು ನಮ್ಮ ಬೆಳಗಾವಿ ಸೀಮೆಯಲ್ಲೇ. ಹೆಸರು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್. 1800ರಲ್ಲಿ ಅವನು ಬೆನ್ನು ಹತ್ತಿದ್ದು ಧೋಂಡಿಯಾ ವಾಘನನ್ನ. ಶ್ರೀರಂಗಪಟ್ಟಣ ಬಿದ್ದಾಗ ಸೆರೆಮನೆಯಿಂದ ತಪ್ಪಿಸಿಕೊಂಡು ದೊಡ್ಡ ದಂಡು ಕಟ್ಟಿದವನು ಧೋಂಡಿಯಾ. ಮಳೆಗಾಲ, ತುಂಬಿದ ಹೊಳೆಗಳು, ಕಪ್ಪು ಮಣ್ಣಿನ ಕೆಸರು. ಎರೆ ಹೊಲದಲ್ಲಿ ಮಳೆಗಾಲದಾಗ ನಡೆದವರಿಗೆ ಹೇಳಬೇಕಾಗಿಲ್ಲ, ಕಾಲಿಗಂಟಿದ ಮಣ್ಣೇ ಒಂದು ಹೊರೆ.

ವೆಲ್ಲೆಸ್ಲಿ ಆ ದಿನಗಳಲ್ಲಿ ಬರೆದ ಪತ್ರಗಳ ತುಂಬ ಏನಿದೆ? ಶೌರ್ಯ ಅಲ್ಲ. ಎತ್ತು, ಅಕ್ಕಿ, ಬ್ರಿಂಜಾರಿಗಳು, ಹೊಳೆ ದಾಟೋ ಹರಿಗೋಲು! ತೋಪು ಎಳೆಯೋಕೆ ಸೈನ್ಯದ್ದೇ ಎತ್ತು. ಅಮೃತ ಮಹಲ್ ತಳಿಯನ್ನ ಅವನು ಮನಸಾರೆ ಮೆಚ್ಚಿಕೊಂಡಿದ್ದ. ಧಾನ್ಯ ತರೋಕೆ ಬ್ರಿಂಜಾರಿಗಳು. ಅವರಿಗೆ ಮುಂಗಡ ಕೊಡಬೇಕು, ದಾರಿಗೆ ಕಾವಲು ಕೊಡಬೇಕು, ತಂದ ಮಾಲು ಮಾರಾಟ ಆಗುತ್ತೆ ಅನ್ನೋ ಭರವಸೆ ಕೊಡಬೇಕು. ಇಲ್ಲದಿದ್ದರೆ ಅವರು ಬರೋದಿಲ್ಲ ಅಂತ ಅವನಿಗೆ ಗೊತ್ತಿತ್ತು. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯ ಹತ್ತಿರ ಧೋಂಡಿಯಾನ ಪಾಳ್ಯದ ಮೇಲೆ ಬಿದ್ದ. ಅವತ್ತು ಧೋಂಡಿಯಾ ಕಳಕೊಂಡದ್ದು ಏನು? ಸಾಮಾನು ಸರಂಜಾಮು, ಹೊರೆ ಹೊರೋ ಪ್ರಾಣಿಗಳು. ಅಲ್ಲಿಂದ ಅವನು ಓಡೋ ಮನುಷ್ಯನಾದ. ಸೆಪ್ಟೆಂಬರ್ 10ರಂದು ಕೋಣಗಲ್‌ನಲ್ಲಿ ಸತ್ತ. ಅವನ ಚಿಕ್ಕ ಮಗ ಸಲಾಬತ್ ಖಾನ್‌ನನ್ನ ವೆಲ್ಲೆಸ್ಲಿಯೇ ಸಾಕಿಸಿದ, ಅದು ಬೇರೆ ಕಥೆ.

ವೆಲ್ಲೆಸ್ಲಿಯ ಲೆಕ್ಕ ಸರಳ. ಕೈಬಿಟ್ಟರೆ ನಾನು ಮುಳುಗ್ತೀನಿ ಅನ್ನೋದು ನನ್ನ ಎತ್ತಿನ ಮೇಲೆ. ಉಳಿದದ್ದು ನನಗಿಂತ ಚೆನ್ನಾಗಿ ಹೊರೋ ಬಲ್ಲವನ ಎತ್ತಿನ ಮೇಲೆ. ವ್ಯಾಪಾರ ಮಾಡೋ ಪ್ರತಿಯೊಬ್ಬರೂ ಮೊದಲು ಇದನ್ನ ಬಿಡಿಸಿಕೊಳ್ಳಬೇಕು. ನನ್ನ ತೋಪು ಯಾವುದು, ನನ್ನ ಅಕ್ಕಿ ಯಾವುದು?

ಇಷ್ಟು ಕೇಳಿ, ಹಾಗಾದರೆ ಲಂಬಾಣಿಗರ ವ್ಯವಸ್ಥೆ ಸೋಲಿಲ್ಲದ್ದು ಅಂದುಕೊಳ್ಳಬೇಡಿ. ಎತ್ತಿನ ಮೇಲೆ ನಿಂತ ಸಾಗಾಣಿಕೆಗೆ ಒಂದು ದೊಡ್ಡ ದೌರ್ಬಲ್ಯ ಇತ್ತು. ಅದು ಬಯಲಾಗಿದ್ದು 1876ರಿಂದ 78ರ ಬರದಲ್ಲಿ. ನಮ್ಮ ಹಿರಿಯರು ಧಾತು ಈಶ್ವರ ಬರ ಅಂತ ಕರೀತಿದ್ದರು. ಬಳ್ಳಾರಿ, ಧಾರವಾಡ, ಬೆಳಗಾವಿ, ಕಲಾದಗಿ, ಎಲ್ಲ ಕಡೆ ಮಳೆ ಕೈಕೊಟ್ಟಿತು. ಮೈಸೂರು ಸಂಸ್ಥಾನ ಒಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ದೇಶದಲ್ಲಿ ಧಾನ್ಯ ಪೂರ್ತಿ ಇಲ್ಲದೇ ಇರಲಿಲ್ಲ. ಬಳ್ಳಾರಿಯ ತನಕ ಮದ್ರಾಸಿನಿಂದ ರೈಲು ಬಂದಿತ್ತು. ಆದರೆ ಸ್ಟೇಷನ್ನಿನಿಂದ ಹಳ್ಳಿಗೆ ಹೊರೋರು ಯಾರು? ಮಳೆ ಇಲ್ಲ ಅಂದರೆ ಹುಲ್ಲಿಲ್ಲ, ಹುಲ್ಲಿಲ್ಲ ಅಂದರೆ ಎತ್ತಿಲ್ಲ. ಯಾವ ದಿನ ಧಾನ್ಯ ಅತೀ ಬೇಕೋ, ಅದೇ ದಿನ ಧಾನ್ಯ ಹೊರೋ ಪ್ರಾಣಿ ಸತ್ತುಬಿದ್ದಿತ್ತು.

ಇದನ್ನ ಎರಡು ಸಲ ಓದಿ. ಒಳ್ಳೇ ವರ್ಷದಲ್ಲಿ ಎಲ್ಲ ಸಾಗಾಣಿಕೆಯೂ ಒಳ್ಳೇದೇ. ಕೆಟ್ಟ ವರ್ಷದಲ್ಲಿ ಬೆಳೆ ಹೋಗೋ ಕಾರಣಕ್ಕೇ ಎತ್ತೂ ಹೋಗುತ್ತೆ. ನಮ್ಮ ಹುಡುಗನ ಬೆಲ್ಲ ನೋಡಿ. ಮಳೆಗಾಲದಲ್ಲಿ ಬೆಲ್ಲ ಬೇಗ ತಲುಪಬೇಕು. ಅದೇ ಮಳೆಗಾಲದಲ್ಲಿ ರಸ್ತೆ ಕೆಡುತ್ತೆ, ಹೊಳೆ ಬರುತ್ತೆ, ಲಾರಿ ನಿಲ್ಲುತ್ತೆ. ದೀಪಾವಳಿಗೆ ಆರ್ಡರ್ ಜಾಸ್ತಿ. ಅದೇ ದೀಪಾವಳಿಗೆ ದೊಡ್ಡ ಗಿರಾಕಿಗಳ ಮಾಲಿನ ಮಧ್ಯೆ ಸಣ್ಣವನ ಬಾಕ್ಸ್ ಮೂಲೆಗೆ ಬೀಳುತ್ತೆ.

ಆ ಬರದ ಪಾಠದಿಂದಲೇ ಈ ಭಾಗಕ್ಕೆ ರೈಲು ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಧಾರವಾಡ ಅದರ ಕೇಂದ್ರ. ಸರಿಸುಮಾರು ಅದೇ ಹೊತ್ತಿಗೆ, 1885ರಲ್ಲಿ, ಗೋಕಾಕ ಫಾಲ್ಸ್‌ನ ನೀರಿನ ಬಲ ನಂಬಿ ಹತ್ತಿ ಗಿರಣಿಯ ಕಂಪನಿಯೂ ಶುರುವಾಯ್ತು. ಘಟಪ್ರಭೆ ಸುಮಾರು 170 ಅಡಿ ಧುಮುಕೋ ಜಾಗ. ಶಕ್ತಿ ಅಲ್ಲಿ ಪುಕ್ಕಟೆ. ಆದರೆ ಹತ್ತಿ ಬರಬೇಕು, ನೂಲು ಹೋಗಬೇಕು.

ಈ ಕಡೆಯ ರೈಲು ಸ್ಟೇಷನ್ ಒಂದರ ಹೆಸರು ಗಮನಿಸಿದ್ದೀರಾ? 'ಗೋಕಾಕ ರೋಡ್'. ಸ್ಟೇಷನ್ ಹೆಸರಿನ ಹಿಂದೆ ರೋಡ್ ಅಂತ ಇದ್ದರೆ ಅರ್ಥ ಇಷ್ಟೇ: ಊರು ಇಲ್ಲಿಲ್ಲ, ಇಲ್ಲಿಂದ ರಸ್ತೆ ಹಿಡಿದು ಹೋಗಬೇಕು. ಗೋಕಾಕ ಪಟ್ಟಣದೊಳಗೆ ಇವತ್ತಿಗೂ ರೈಲು ಹೋಗೋದಿಲ್ಲ. ಆ ಉಳಿದ ದಾರಿಗೆ ಮತ್ತೆ ಚಕ್ಕಡಿಯೇ ಬೇಕಿತ್ತು. ಮುಂಬೈಗೆ ಹೋಗೋ ಮಾಲಿಗೆ ಪುಣೆಯಲ್ಲಿ ಇನ್ನೊಂದು ಕಷ್ಟ. ಈ ಕಡೆಯ ಹಳಿ ಮೀಟರ್ ಗೇಜ್, ಆ ಕಡೆಯ ಹಳಿ ಬ್ರಾಡ್ ಗೇಜ್. ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಮಾಲು ಓಡೋವಾಗ ಹಾಳಾಗೋದು ಕಡಿಮೆ, ಕೂತಾಗ ಹಾಳಾಗೋದೇ ಹೆಚ್ಚು. ಕೈ ಬದಲಾಗೋ ಜಾಗದಲ್ಲೇ ಕಳೆಯೋದು, ನೆನೆಯೋದು, ಒಡೆಯೋದು. ನಲವತ್ತು ಬಾಕ್ಸ್ ಬೆಲ್ಲ ಹಾಳಾಗಿದ್ದು ಎಲ್ಲಿ ಹೇಳಿ? ಓಡೋ ಲಾರಿಯಲ್ಲಲ್ಲ, ನಿಂತ ಗೋಡೌನ್‌ನಲ್ಲಿ.

ರೈಲು ಬಂದ ಮೇಲೆ ಲಂಬಾಣಿಗರ ಕಥೆ ಏನಾಯ್ತು? ಸೈನ್ಯಗಳಿಗೆ ಅನ್ನ ತಲುಪಿಸಿದವರ ಕೆಲಸ ಹೋಯ್ತು. ಬ್ರಿಟಿಷ್ ಆಡಳಿತ ಅವರನ್ನ ಸಂಶಯದಿಂದ ನೋಡ್ತು, ಕೆಲವು ಕಡೆ ಅಪರಾಧಿ ಬುಡಕಟ್ಟು ಅಂತ ಹಣೆಪಟ್ಟಿಯನ್ನೂ ಹಚ್ಚಿತು. ಹೊರುವವರನ್ನ ನಾವು ಮರೆಯೋದು ಎಷ್ಟು ಬೇಗ ನೋಡಿ.

ಆಮೇಲೆ ಬಂತು ಲಾರಿ. 1976ರಲ್ಲಿ ಗದಗಿನಲ್ಲಿ ಮುದ್ರಣದ ಮನೆತನದ ಒಬ್ಬ ಯುವಕ ಒಂದೇ ಒಂದು ಲಾರಿಯಿಂದ ಸಾಗಾಣಿಕೆ ಶುರು ಮಾಡಿದ. ವಿಜಯ ಸಂಕೇಶ್ವರ. ಅವರ ಹೆಸರಿನಲ್ಲಿರೋ ಊರು ಸಂಕೇಶ್ವರ ಇರೋದು ಹುಕ್ಕೇರಿ ತಾಲ್ಲೂಕಿನಲ್ಲೇ. ಇದು ಜಾಹೀರಾತಲ್ಲ, ಇತಿಹಾಸ. ಆ ಕಾಲಕ್ಕೆ ಹಿಡಿಸಿದ್ದು ಪಾರ್ಸೆಲ್ ವ್ಯವಸ್ಥೆ. ಪೂರ್ತಿ ಲಾರಿ ತುಂಬುವಷ್ಟು ಮಾಲಿಲ್ಲದ ಹತ್ತು ವರ್ತಕರ ಹತ್ತು ಗಂಟು ಒಂದೇ ಲಾರಿಯಲ್ಲಿ. ಸಣ್ಣವನಿಗೂ ದೊಡ್ಡ ಪೇಟೆ ಸಿಕ್ಕಿದ್ದು ಹೀಗೆ. 2017ರಲ್ಲಿ ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಾಣಿಕೆಗೂ ಇ-ವೇ ಬಿಲ್ ಜಾರಿ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. ರಾಜ್ಯಕ್ಕೊಂದು ಗೋಡೌನ್ ಇಡಬೇಕಾದ ತೆರಿಗೆ ಲೆಕ್ಕ ಹೋಯ್ತು. ಎಲ್ಲವನ್ನೂ ನಾವೇ ನೋಡ್ಕೋತೀವಿ ಅನ್ನೋ ಕಂಪನಿಗಳಿಗೆ ಬಾಗಿಲು ತೆರೀತು.

ಸರಿ, ನಷ್ಟದ ಲೆಕ್ಕ? ಅದಕ್ಕೂ ಇತಿಹಾಸ ಇದೆ. 1865ರಲ್ಲೇ ಕ್ಯಾರಿಯರ್ಸ್ ಆಕ್ಟ್ ಬಂತು. ಬಾಡಿಗೆ ತಗೊಂಡು ಎಲ್ಲರ ಮಾಲು ಹೊರೋನು ಅದಕ್ಕೆ ಜವಾಬ್ದಾರ ಅನ್ನೋದು ಅದರ ತಿರುಳು. ಅದರ ಜಾಗಕ್ಕೆ 2007ರ ಕ್ಯಾರೇಜ್ ಬೈ ರೋಡ್ ಆಕ್ಟ್, ಅದರ 2011ರ ನಿಯಮಗಳು ಬಂದವು. ಅದರಲ್ಲಿ ಎರಡು ಮಾತು ನಮ್ಮ ಸಣ್ಣ ವ್ಯಾಪಾರಿಗಳಿಗೆ ಯಾರೂ ಹೇಳಿಲ್ಲ. ಒಂದು, ಹೆಚ್ಚಿನ ಮೌಲ್ಯ ಮತ್ತು ರಿಸ್ಕ್ ಬರೆಸಿ ಅದಕ್ಕೆ ತಕ್ಕ ದರ ಕೊಡದೇ ಇದ್ದರೆ, ಸಾಗಿಸೋನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಉದಾಹರಣೆಗೆ, ಬಾಕ್ಸಿಗೆ 120 ರೂಪಾಯಿ ಬಾಡಿಗೆ ಕೊಟ್ಟಿದ್ದೀರಿ. ಒಳಗೆ 4,000 ರೂಪಾಯಿ ಮಾಲಿದೆ. ಕಳೆದುಹೋದರೆ ಸಿಗೋದು ಹೆಚ್ಚೆಂದರೆ 1,200. ಎರಡು, ಮಾಲು ಬುಕ್ ಮಾಡಿದ 180 ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡದಿದ್ದರೆ ಕೋರ್ಟಿನ ಬಾಗಿಲು ಮುಚ್ಚುತ್ತೆ. ಫೋನಲ್ಲಿ ಜಗಳ ಆಡಿದರೆ ನೋಟಿಸ್ ಆಗೋದಿಲ್ಲ. ಕಡಿಮೆ ಬಾಡಿಗೆ ಅಂತ ಖುಷಿ ಪಡ್ತೀವಲ್ಲ, ಬಾಡಿಗೆ ಇಳಿದಷ್ಟೂ ಆ ಹತ್ತು ಪಟ್ಟೂ ಇಳಿಯುತ್ತೆ!

ಎರಡು ದಿನ ಬಿಟ್ಟು ನಾನೇ ಆ ಹುಡುಗನಿಗೆ ಫೋನ್ ಮಾಡಿದೆ.

"ತಮ್ಮಾ, ಅವತ್ತು ನಾನು ಹೇಳಿದ್ದು ತಪ್ಪು. ರೇಟ್ ಕೊನೆಗೆ ಕೇಳು. ಮೊದಲು ನಿನ್ನ ತೋಪು ಯಾವುದು ಅಂತ ನೋಡು. ಬೆಲ್ಲದ ಗುಣ, ಒಳಗಿನ ಪ್ಯಾಕಿಂಗ್, ಗಿರಾಕಿಯ ಹೆಸರು ಮತ್ತು ಫೋನ್ ನಂಬರ್, ಇವು ನಿನ್ನ ಕೈಯಲ್ಲೇ ಇರಲಿ. ಆ ಪಟ್ಟಿ ಅವರ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ನಾಳೆ ಅವರನ್ನ ಬಿಟ್ಟುಬರೋಕೆ ಆಗೋದಿಲ್ಲ. ಹೊರೋ ಕೆಲಸ ಹೊರೋರಿಗೆ ಕೊಡು. ಆದರೆ ಪೂರ್ತಿ ಒಬ್ಬರಿಗೇ ಅಲ್ಲ. ಊರಿನ ಏಜೆಂಟ್‌ನನ್ನ ಕೈಬಿಡಬೇಡ, ಅವನಿಗೂ ಸ್ವಲ್ಪ ಮಾಲು ಹೋಗ್ತಿರಲಿ."

"ಹೂಂ ರೀ."

"ಕಂಪನಿಯವರು ಬಂದಾಗ ಕೇಳು. ನನ್ನ ಮಾಲು ಎಲ್ಲೆಲ್ಲಿ ಇಳಿಯುತ್ತೆ, ಎಷ್ಟು ದಿನ ಕೂರುತ್ತೆ? ಮಳೆಗಾಲದಲ್ಲಿ ನಿಮ್ಮ ಗೋಡೌನ್ ಹೆಂಗಿರುತ್ತೆ, ಹೋಗಿ ಕಣ್ಣಲ್ಲಿ ನೋಡ್ತೀನಿ, ತೋರಿಸ್ತೀರಾ? ಹಬ್ಬದ ವಾರ ನನ್ನ ಬಾಕ್ಸ್‌ಗೆ ಜಾಗ ಇರುತ್ತಾ? ಮಾಲು ಹಾಳಾದರೆ ಎಷ್ಟು ಕೊಡ್ತೀರಿ, ಎಷ್ಟು ದಿನದಲ್ಲಿ ಕೊಡ್ತೀರಿ, ಅದನ್ನ ಕಾಗದದ ಮೇಲೆ ಬರೆದುಕೊಡ್ತೀರಾ? ಮೊದಲು ಹತ್ತು ಬಾಕ್ಸ್ ಕಳಿಸಿ ನೋಡು. ಅದೂ ಬೇಸಿಗೆಯಲ್ಲಲ್ಲ, ಮಳೆಯಲ್ಲಿ. ಜೊತೆಗೆ ಟ್ರಾನ್ಸಿಟ್ ಇನ್ಶೂರೆನ್ಸ್ ಮಾಡಿಸು. ಇಷ್ಟಾದ ಮೇಲೆ ರೇಟ್."

ಆ ಕಡೆ ಬರಕೊಳ್ಳೋ ಸದ್ದು ಕೇಳ್ತಿತ್ತು. ಎಲ್ಲ ಮುಗಿದ ಮೇಲೆ ನಾನು ಒಟ್ಟು ಸೇರಿಸಿ ಹೇಳಿದೆ. "ಎರಡು ನೂರು ವರ್ಷದ ಇತಿಹಾಸ ಇಷ್ಟೇ ಹೇಳೋದಪ್ಪಾ. ಒಳ್ಳೇ ದಿನ ಎಲ್ಲರೂ ಹೊರ್ತಾರೆ. ಕೆಟ್ಟ ದಿನ ನಷ್ಟ ಹೊರೋರು ಯಾರು ಅಂತ ಮೊದಲೇ ಕೇಳು."

ಅವನು ನಕ್ಕ.

"ನಮ್ಮವ್ವ ಅವತ್ತ ಇದನ್ನ ಅಂದಿದ್ಲಲ್ರಿ ಸರ."